ಪುಟ್ಟ ಪಾದಕ್ಕೆ ಪಾದರಕ್ಷೆ ಎಂದು?

ಮಗುವಿಗೆ ವರ್ಷ ತುಂಬಿತೆಂದರೆ ಮನೆಮಂದಿಯ ಕಣ್ಣೆಲ್ಲ ಅದರ ಕಾಲಿನ ಮೇಲೆಯೇ. ನೆರೆಮನೆಯ ಕೂಸು ಹತ್ತನೆಯ ತಿಂಗಳಿಗೇ ಅಂಗಳದಲ್ಲಿ ಓಡಾಡಿರುತ್ತದೆ. ತನ್ನ ಮಗು ಹದಿನಾಲ್ಕು ತಿಂಗಳಾದರೂ ಗೋಡೆಯ ಆಸರೆ ಬಿಡದಿದ್ದರೆ ತಾಯಿಗೆ ನಿದ್ರೆ ಹತ್ತದು. ಬಂದ ನಂಟರು ‘ಇನ್ನೂ ನಡೆಯಲಿಲ್ಲವೆ?’ ಎಂದು ಕೇಳಿದಾಗಲಂತೂ ಚಿಂತೆ ಇಮ್ಮಡಿಸುತ್ತದೆ. ಕಾಲಿಗೆ ಬಲ ಬಂದೀತೆಂಬ ಆಸೆಯಿಂದ ತಂದೆ ಗಟ್ಟಿಯಾದ ಬೂಟುಗಳನ್ನು ಕೊಂಡು ತರುತ್ತಾನೆ.

ಈ ಚಿಂತೆಯ ಬಹುಭಾಗ ಅನಾವಶ್ಯಕವಾದುದು. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆಸರೆಯಿಲ್ಲದೆ ನಡೆಯುವ ವಯಸ್ಸು ಸರಾಸರಿ 12 ತಿಂಗಳು. ಆದರೆ ಕೆಲವರು 8 ತಿಂಗಳಿಗೇ ನಡೆದರೆ, ಮತ್ತೆ ಕೆಲವರು ಹದಿನೇಳೂವರೆ ತಿಂಗಳವರೆಗೂ ಕಾದರು. ನೂರಕ್ಕೆ ನಾಲ್ಕು ಮಕ್ಕಳಂತೂ ಅಂಬೆಗಾಲನ್ನೇ ಇಡಲಿಲ್ಲ!

ನಡೆಯಲು ಕಲಿಯುವ ಮಗುವಿಗೆ ಅಂಗಾಲೂ ಒಂದು ಕಣ್ಣು. ನೆಲ ಜಾರುತ್ತದೆಯೆ, ಇಳಿಜಾರಾಗಿದೆಯೆ ಎಂಬುದನ್ನು ಅದು ಅಂಗಾಲಿನಿಂದಲೇ ಅರಿತು, ಬೆರಳುಗಳನ್ನು ಊರಿ ಸಮತೋಲ ಕಾಯ್ದುಕೊಳ್ಳುತ್ತದೆ. ಗಡುಸಾದ ಬೂಟು ಈ ಅರಿವಿಗೆ ಅಡ್ಡಗೋಡೆ. ಆದುದರಿಂದ ಮನೆಯೊಳಗೆ ಬರಿಗಾಲೇ ಲೇಸು.

ಪಾದ ಚಪ್ಪಟೆಯಾಗಿದೆಯೆಂಬುದು ಮತ್ತೊಂದು ಭಯ. ಎಳೆಯ ಪಾದದ ಕಮಾನನ್ನು ಕೊಬ್ಬಿನ ಪದರವೊಂದು ಮುಚ್ಚಿರುತ್ತದೆ. ಬೆಳೆದಂತೆ ಕಮಾನು ತಾನಾಗಿ ತೋರಿಬರುತ್ತದೆ. ಕರಾವಳಿ ಕರ್ನಾಟಕದ ವೈದ್ಯರಾದ ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಫಲಿತಾಂಶ ಸ್ವಾರಸ್ಯಕರವಾಗಿದೆ. ಪಾದರಕ್ಷೆ ಧರಿಸುವವರಲ್ಲಿ ಶೇಕಡಾ 8.6 ಮಂದಿಗೆ ಚಪ್ಪಟೆ ಪಾದವಿದ್ದರೆ, ಬರಿಗಾಲಿನವರಲ್ಲಿ ಶೇಕಡಾ 2.8 ಮಂದಿಗೆ ಮಾತ್ರ ಅದು ಕಂಡುಬಂದಿತು. ಬೆರಳು ಮುಚ್ಚುವ ಬೂಟಿನವರಲ್ಲಿ ಅದು ಎಲ್ಲಕ್ಕಿಂತ ಹೆಚ್ಚು. ಬೂಟೊಂದೇ ಕಾರಣವೆಂದು ಇದರಿಂದ ಸಿದ್ಧವಾಗದಿರಬಹುದು. ಬೂಟಿಲ್ಲದೆ ಪಾದ ಕೆಟ್ಟೀತೆಂಬ ಭಯಕ್ಕಂತೂ ಆಧಾರವಿಲ್ಲ.

ಹಾಗೆಂದು ಪಾದರಕ್ಷೆಯೇ ಬೇಡವೆಂದಲ್ಲ. ಬೀದಿಯಲ್ಲಿ ಕಾದ ನೆಲ, ಮುಳ್ಳು, ಗಾಜಿನ ಚೂರುಗಳಿವೆ. ಹಸಿ ಮಣ್ಣಿನಲ್ಲಿ ಕೊಕ್ಕೆಹುಳುವಿನ ಭಯವೂ ಉಂಟು. ಮಗು ಹೊರಗೆ ನಡೆದಾಡತೊಡಗಿದ ಮೇಲೆ ಹಗುರವಾದ, ಮುಂಭಾಗದಲ್ಲಿ ಸುಲಭವಾಗಿ ಬಾಗುವ, ಜಾರದ ಅಟ್ಟೆಯ ಪಾದರಕ್ಷೆ ಸಾಕು. ಮಗುವನ್ನು ನಿಲ್ಲಿಸಿಯೇ ಅಳತೆ ನೋಡಬೇಕು. ಬೆರಳುಗಳ ಮುಂದೆ ಒಂದು ಸೆಂಟಿಮೀಟರಿನಷ್ಟು ಎಡೆಯಿರಬೇಕು. ಪಾದ ಬೇಗ ಬೆಳೆಯುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷಿಸಬೇಕು. ಮಗುವನ್ನು ಕೂರಿಸಿ ಉರುಳಿಸುವ ಚಕ್ರದ ವಾಕರುಗಳಿಂದ ನಡಿಗೆ ಬೇಗ ಬರುವುದಿಲ್ಲ. ಮೆಟ್ಟಿಲಿನಿಂದ ಉರುಳುವ ಅಪಾಯವೇ ಹೆಚ್ಚು. ಕೆನಡಾ ದೇಶವು 2004ರಲ್ಲಿ ಅವುಗಳನ್ನು ನಿಷೇಧಿಸಿತು.

ನಿಜವಾಗಿ ಚಿಂತಿಸಬೇಕಾದ ಲಕ್ಷಣಗಳು ಬೇರೆಯೇ ಇವೆ. ಹದಿನೆಂಟು ತಿಂಗಳಾದರೂ ನಡೆಯದಿರುವುದು, ಒಂದು ಕಾಲನ್ನು ಕುಂಟುವುದು, ಸದಾ ತುದಿಗಾಲಲ್ಲೇ ನಡೆಯುವುದು, ನಡೆಯುತ್ತಿದ್ದ ಮಗು ನಡೆಯುವುದನ್ನು ನಿಲ್ಲಿಸುವುದು—ಇವುಗಳಲ್ಲಿ ಒಂದು ಕಂಡರೂ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ಹುಟ್ಟಿನಿಂದಲೇ ಸೊಂಟದ ಕೀಲು ಜಾರಿದ್ದರೆ ಅದು ಕೆಲವೊಮ್ಮೆ ಮೊದಲ ಹೆಜ್ಜೆಗಳ ಕುಂಟಿನಲ್ಲಿಯೇ ಬಯಲಾಗುತ್ತದೆ. ಬೇಗ ತಿಳಿದಷ್ಟೂ ಚಿಕಿತ್ಸೆ ಸುಲಭ.

ಉಳಿದ ಮಕ್ಕಳಿಗೆ ಬೇಕಾದುದು ಶುಚಿಯಾದ ನೆಲ, ಬಿದ್ದಾಗ ಎತ್ತುವ ಒಂದು ಕೈ, ನೆರೆಮನೆಯ ಲೆಕ್ಕ ಹಿಡಿಯದ ತಾಳ್ಮೆ. ಅಂಗಡಿಯ ಬೂಟು ಇನ್ನೂ ಕೆಲವು ತಿಂಗಳು ಕಾದೀತು.