ಗದ್ದೆ ಮುಚ್ಚಿದರೆ ನೀರು ಎಲ್ಲಿಗೆ ಹೋಗಬೇಕು?

ಕಾರವಾರದ ಭೂಪಟವನ್ನೊಮ್ಮೆ ಎದುರಿಗಿಟ್ಟುಕೊಳ್ಳಿ. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಉತ್ತರಕ್ಕೆ ಕಾಳಿ ನದಿ, ಪೂರ್ವಕ್ಕೆ ಸಹ್ಯಾದ್ರಿಯ ಗುಡ್ಡಗಳು. ದಕ್ಷಿಣಕ್ಕೆ ಬಿಣಗಾ ದಾಟಿದರೆ ಸೀಬರ್ಡ್ ನೌಕಾನೆಲೆ. 1986ರಲ್ಲಿ ಅದರ ಅಡಿಗಲ್ಲು, 2005ರಲ್ಲಿ ಕಾರ್ಯಾರಂಭ. ಕಾರವಾರ–ಅಂಕೋಲಾ ಕರಾವಳಿಯ ಸುಮಾರು 11 ಸಾವಿರ ಎಕರೆ ಅದಕ್ಕೆ ಹೋಯಿತು, ಸಾವಿರಾರು ಕುಟುಂಬಗಳು ಊರು ಬಿಟ್ಟವು. ನಾಲ್ಕೂ ದಿಕ್ಕಿಗೆ ಹೀಗೆ ಬೇಲಿ ಬಿದ್ದ ಊರು ಬೆಳೆಯಬೇಕೆಂದರೆ ಎಲ್ಲಿಗೆ ಬೆಳೆದೀತು? ಗುಡ್ಡದ ಬುಡ, ಹೊಳೆಯ ಅಂಚು, ಇಲ್ಲವೇ ನಡುವಿನ ಗದ್ದೆ ಬಯಲು.

ಹಬ್ಬುವಾಡದ ಕಡೆಯಿಂದ ಕೈಗಾ ರಸ್ತೆ ಹಿಡಿದು ಹೊರಟರೆ ಈ ಪ್ರಶ್ನೆ ಕಣ್ಣೆದುರಿಗೇ ಬರುತ್ತದೆ. ಒಂದು ಬದಿಗೆ ಮನೆಗಳ ಸಾಲು, ಮಧ್ಯೆ ಉಳಿದ ಗದ್ದೆಯ ತುಂಡು, ಹಿಂದೆ ಹಸಿರು ಗುಡ್ಡ. ಕರಾವಳಿಯ ಯಾವ ಊರಿನಲ್ಲಾದರೂ ಗದ್ದೆ ಮನೆಯಾಗುವ ಬಗೆ ಒಂದೇ. ಕೂಲಿಯಾಳು ಸಿಗುವುದಿಲ್ಲ, ಭತ್ತಕ್ಕೆ ಬೆಲೆಯಿಲ್ಲ, ಮಕ್ಕಳು ಬೆಂಗಳೂರು, ಗೋವಾ ಸೇರಿದ್ದಾರೆ. ಎರಡು ವರ್ಷ ಗದ್ದೆ ಬೀಳು ಬೀಳುತ್ತದೆ. ಮೂರನೆಯ ಬೇಸಿಗೆಯಲ್ಲಿ ಟಿಪ್ಪರಿನಲ್ಲಿ ಕೆಂಪು ಮಣ್ಣು ಬಂದು ಬೀಳುತ್ತದೆ. ಆಮೇಲೆ ಗಡಿಕಲ್ಲು, ‘ಬಿನ್‌ಶೇತ್ಕಿ ಪ್ಲಾಟ್’ ಎಂಬ ಫಲಕ. ಇದರಲ್ಲಿ ಮಾರಿದವನನ್ನು ದೂರಿ ಫಲವಿಲ್ಲ. ಬೇಸಾಯ ಅವನ ಕೈಬಿಟ್ಟಿತ್ತು. ಕೊಂಡವನೂ ದುಷ್ಟನಲ್ಲ, ಜೀವಮಾನದ ಉಳಿತಾಯ ಸುರಿದು ಒಂದು ಸೂರು ಮಾಡಿಕೊಳ್ಳುವವನು.

ಆದರೆ ಗದ್ದೆಯೆಂದರೆ ಭತ್ತ ಬೆಳೆಯುವ ಜಾಗ ಮಾತ್ರವಲ್ಲ. ವಿದ್ಯಾರ್ಥಿಗಳು ಬೇಕಿದ್ದರೆ ಕಾಗದ, ಪೆನ್ಸಿಲ್ ತೆಗೆದುಕೊಂಡು ಒಂದು ಲೆಕ್ಕ ಮಾಡಿ ನೋಡಲಿ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಬದುವಿನೊಳಗೆ ಅರ್ಧ ಅಡಿ, ಅಂದರೆ 15 ಸೆಂಟಿಮೀಟರ್ ನೀರು ನಿಂತಿತೆಂದಿಟ್ಟುಕೊಳ್ಳಿ. ಒಂದು ಗುಂಟೆಯಲ್ಲಿ 15 ಸಾವಿರ ಲೀಟರ್ ಆಯಿತು. ಎಕರೆಗೆ 40 ಗುಂಟೆ. ಆರು ಲಕ್ಷ ಲೀಟರ್! ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಾದರೆ ಅರವತ್ತು ಬೇಕು. ಕಾರವಾರದಲ್ಲಿ ಆಷಾಢದ ಒಂದೇ ದಿನ 100 ಮಿಲಿಮೀಟರ್ ಮಳೆ ಬೀಳುವುದು ದೊಡ್ಡ ಸುದ್ದಿಯಲ್ಲ. ಅಂಥ ಮಳೆಯನ್ನು ಗದ್ದೆ ಬದುವಿನೊಳಗೆ ಹಿಡಿದಿಟ್ಟುಕೊಂಡು ನಿಧಾನವಾಗಿ ಹಳ್ಳಕ್ಕೆ ಬಿಡುತ್ತದೆ, ಒಂದಷ್ಟನ್ನು ಪಕ್ಕದ ಬಾವಿಗಳಿಗೂ ಇಳಿಸುತ್ತದೆ. ಅದೇ ಜಾಗಕ್ಕೆ ನಾಲ್ಕಡಿ ಮಣ್ಣು ಹಾಕಿ ಕಾಂಕ್ರೀಟು ಮಾಡಿದರೆ ನೀರು ತಗ್ಗಿನಲ್ಲಿರುವ ಹಳೆಯ ಮನೆಯ ಅಂಗಳಕ್ಕೆ ನುಗ್ಗುತ್ತದೆ. ಹೊಸ ಮನೆ ಎತ್ತರದಲ್ಲಿ ಸುಖವಾಗಿರುತ್ತದೆ, ಮುಳುಗುವುದು ಪಕ್ಕದವರ ಮನೆ. ಸಮುದ್ರದಲ್ಲಿ ಭರತವಿದ್ದರಂತೂ ಹಳ್ಳದ ನೀರು ಹೊರಗೆ ಹೋಗಲೂ ಒಪ್ಪುವುದಿಲ್ಲ.

ಗುಡ್ಡದ ಕಥೆ ಇದಕ್ಕಿಂತ ಕಠೋರ. 2009ರ ಅಕ್ಟೋಬರ್ 2ರಂದು ಕಾರವಾರದ ಮಗ್ಗುಲಿನ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಮಣ್ಣಿನಡಿ ಸೇರಿದರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ ಜಾರಿ ಗಂಗಾವಳಿಯವರೆಗೂ ಹೋಯಿತು. ಚಹಾದಂಗಡಿಯ ಕುಟುಂಬವನ್ನೂ ಲಾರಿಗಳನ್ನೂ ಎಳೆದುಕೊಂಡಿತು. ಇವು ವಸತಿ ಬಡಾವಣೆಗಾಗಿ ಆದ ಕುಸಿತಗಳಲ್ಲ, ನಿಜ. ಆದರೆ ಇಲ್ಲಿನ ಜಂಬಿಟ್ಟಿಗೆ ಗುಡ್ಡ ನೀರು ಕುಡಿದು ಭಾರವಾದಾಗ ಹೇಗೆ ವರ್ತಿಸುತ್ತದೆಂಬುದನ್ನು ಇವೆರಡೂ ತೋರಿಸಿಕೊಟ್ಟಿವೆ. ಬುಡದಲ್ಲಿ ಸೈಟು ಕೊರೆಯಲು ಜೆಸಿಬಿ ತರುವವರು ಈ ಎರಡು ದಿನಾಂಕಗಳನ್ನು ನೆನಪಿಟ್ಟುಕೊಂಡರೆ ಸಾಕು.

ಕಾನೂನು ಏನು ಮಾಡುತ್ತದೆ? ಸಮುದ್ರ ದಂಡೆಯ ಮಟ್ಟಿಗೆ ಸ್ವಲ್ಪ ಮಾಡಿದೆ. 1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಭರತರೇಖೆಯಿಂದ 500 ಮೀಟರ್ ಒಳಗೆ ಕಟ್ಟಡ ಬೇಡ ಎಂದಿದ್ದರು. ಹತ್ತು ವರ್ಷದ ನಂತರ, 1991ರ ಫೆಬ್ರುವರಿಯಲ್ಲಿ, ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು. ಪಟ್ಟಣಗಳಲ್ಲಿ ಆಗಲೇ ಇದ್ದ ರಸ್ತೆ ಅಥವಾ ಕಟ್ಟಡಗಳ ಸಾಲನ್ನು ದಾಟಿ ಸಮುದ್ರದ ಕಡೆಗೆ ಹೊಸ ಮನೆ ಕಟ್ಟುವಂತಿಲ್ಲವೆಂದಿತು. 22ರ ಹರೆಯದ ರವೀಂದ್ರನಾಥ ಠಾಕೂರರು 1883ರಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಾಗ ಕಂಡು ಮೆಚ್ಚಿದ ಕಡಲತೀರದ ಮೇಲೆ ಇಂಥದ್ದೊಂದು ಕಾವಲಿದೆ. ಆದರೆ ಕಾವಲು ಸಡಿಲವಾಗುತ್ತಲೂ ಬಂದಿದೆ: 2019ರ ಅಧಿಸೂಚನೆಯು ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ದಂಡೆಗಳಲ್ಲಿ ನಿಷೇಧಿತ ಪಟ್ಟಿಯನ್ನು 200 ಮೀಟರಿನಿಂದ 50ಕ್ಕೆ ಇಳಿಸಿತು. ಇದು ದೊಡ್ಡ ತಪ್ಪೆಂದೇ ಈ ಲೇಖಕನ ಅಭಿಪ್ರಾಯ. ನಿಯಮ ಮೀರಿದರೆ ಏನಾಗುತ್ತದೆಂಬುದಕ್ಕೆ ಕೇರಳದ ಮರಡು ಸಾಕ್ಷಿ. ಅಲ್ಲಿನ ನಾಲ್ಕು ಬಹುಮಹಡಿ ವಸತಿ ಸಂಕೀರ್ಣಗಳನ್ನು ಸುಪ್ರೀಂ ಕೋರ್ಟಿನ ಆದೇಶದಂತೆ 2020ರ ಜನವರಿಯಲ್ಲಿ ಸಿಡಿಮದ್ದು ಇಟ್ಟು ಉರುಳಿಸಲಾಯಿತು. ಹಣ ಕೊಟ್ಟು ಕೊಂಡಿದ್ದವರು ನಿಂತು ನೋಡಿದರು.

ದಂಡೆಯಿಂದ ಒಳಗಿರುವ ಗದ್ದೆಗೆ ಈ ರಕ್ಷಣೆಯೂ ಇಲ್ಲ. ಕೇರಳ 2008ರಲ್ಲಿ ಭತ್ತದ ಗದ್ದೆ ಮತ್ತು ಜೌಗು ನೆಲಗಳಿಗೆಂದೇ ಪ್ರತ್ಯೇಕ ಕಾಯಿದೆ ಮಾಡಿತು. ನಮ್ಮಲ್ಲಿ ಗದ್ದೆಗೂ ಬರಡು ನೆಲಕ್ಕೂ ಒಂದೇ ದಾರಿ, ಭೂಕಂದಾಯ ಕಾಯಿದೆಯಡಿ ಪರಿವರ್ತನೆ.

ಇಂಥ ಸಂಕಟ ನಮ್ಮೊಬ್ಬರದೇ ಅಲ್ಲ. ಲಂಡನ್ನಿನಲ್ಲಿ ಆಕ್ಟೇವಿಯಾ ಹಿಲ್ ಎಂಬ ಮಹಿಳೆ ಬಡವರಿಗೆ ಯೋಗ್ಯ ಮನೆ ಒದಗಿಸಲು ಜೀವನವನ್ನೇ ಕೊಟ್ಟವರು. ಅದೇ ಮಹಿಳೆ 1870ರ ದಶಕದಲ್ಲಿ, ಸ್ವಿಸ್ ಕಾಟೇಜ್ ಬಯಲಿನಲ್ಲಿ ಮನೆ ಕಟ್ಟಬೇಡಿ ಎಂದು ಹಣ ಕೂಡಿಸಿ ಹೋರಾಡಿದರು. ಸೋತರು, ಬಯಲು ಹೋಯಿತು. ಆದರೂ 1895ರಲ್ಲಿ ಇಬ್ಬರು ಸಂಗಡಿಗರೊಡನೆ ‘ನ್ಯಾಷನಲ್ ಟ್ರಸ್ಟ್’ ಕಟ್ಟಿದರು. ಅದಕ್ಕೆ ಮೊದಲು ದಾನವಾಗಿ ಬಂದದ್ದು ವೇಲ್ಸಿನ ಕಡಲ ಮೇಲಿನ ಒಂದು ಗುಡ್ಡ, ನಾಲ್ಕೂವರೆ ಎಕರೆ. 1965ರಿಂದ ಆ ಸಂಸ್ಥೆ ಸಾರ್ವಜನಿಕರ ಹಣದಿಂದ ಕರಾವಳಿಯನ್ನು ಕೊಂಡು ಉಳಿಸುತ್ತಾ ಬಂದಿದೆ. ಮನೆ ಬೇಕೆನ್ನುವವರೇ ಬಯಲೂ ಬೇಕೆಂದದ್ದು ಇಲ್ಲಿ ಗಮನಿಸತಕ್ಕದ್ದು.

ಸೈಟು ಹುಡುಕುತ್ತಿರುವ ತಂದೆತಾಯಿಗಳು ಕನಿಷ್ಠ ಇಷ್ಟಾದರೂ ಮಾಡಬಹುದು. ಪಹಣಿಯಲ್ಲಿ ಆ ಸರ್ವೆ ನಂಬರು ‘ತರಿ’ ಎಂದಿದೆಯೇ ನೋಡಿ. ಗ್ರಾಮ ನಕಾಶೆಯಲ್ಲಿ ಹಳ್ಳದ ಗೆರೆ ಎಲ್ಲಿ ಹಾದಿದೆ ಎಂದು ಮಕ್ಕಳಿಂದಲೇ ಹುಡುಕಿಸಿ. ಭೂಗೋಳದ ಪಾಠವೂ ಆದೀತು. ಅಕ್ಕಪಕ್ಕದ ಹಿರಿಯರನ್ನು ಕೇಳಿ, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆಂದು. ಪ್ಲಾಟು ತೋರಿಸುವವರು ಸಾಮಾನ್ಯವಾಗಿ ಕರೆದೊಯ್ಯುವುದು ಮಾರ್ಚ್–ಏಪ್ರಿಲ್‌ನಲ್ಲಿ, ನೆಲ ಒಣಗಿರುವಾಗ. ಮುಂಗಡ ಕೊಡುವ ಮೊದಲು ಜುಲೈನಲ್ಲಿ ಒಮ್ಮೆ ಕೊಡೆ ಹಿಡಿದು ಹೋಗಿ ಬನ್ನಿ.