ಕರ್ನಲ್ ಫೈಲ್ ಓದಲಿ, ಅರ್ಥ ಮಾಡುವುದು ಬೇಡ

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರ ಕಾದಂಬರಿ. ಅದರ ಪಠ್ಯ ನಿಮ್ಮ ಕಂಪ್ಯೂಟರಿನಲ್ಲಿದೆ ಎನ್ನಿ. ತೆರೆದಾಗ ಅದನ್ನು ಡಿಸ್ಕಿನಿಂದ ಎತ್ತಿಕೊಡುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್. ಆದರೆ ಅದಕ್ಕೆ ಕಾದಂಬರಿಯೂ ಗೊತ್ತಿಲ್ಲ, ಕನ್ನಡವೂ ಗೊತ್ತಿಲ್ಲ. ಯುಟಿಎಫ್-8ರಲ್ಲಿ ಬರೆದ ‘ಇ’ ಅದರ ಪಾಲಿಗೆ 3 ಬೈಟ್, ಅಷ್ಟೆ. ಈ ಅಜ್ಞಾನ ಕೊರತೆಯಲ್ಲ, ರಕ್ಷಣೆ ಎಂಬುದು ನನ್ನ ವಾದ. ಫೈಲಿನೊಳಗೆ ಏನಿದೆಯೆಂದು ಬಿಡಿಸಿ ನೋಡುವ ಕೆಲಸ ಸಾಮಾನ್ಯ ಪ್ರೋಗ್ರಾಂಗೆ ಇರಲಿ. ಅದು ಎಡವಿದರೆ ಅದೊಂದೇ ಮುಚ್ಚುತ್ತದೆ. ಕರ್ನಲ್ ಎಡವಿದರೆ ಇಡೀ ಯಂತ್ರ ನಿಲ್ಲುತ್ತದೆ.

ಸಾಕ್ಷಿ ಬೇಕೇ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶ ವಿಂಡೋಸ್ ಕರ್ನಲ್ಲಿನೊಳಗೇ ಕುಳಿತು ಹೊಸ ನಿಯಮಗಳ ಫೈಲೊಂದನ್ನು ಬಿಡಿಸಿತು. ನಿಯಮ 21ನೇ ಮೌಲ್ಯ ಕೇಳಿತು; ಕೈಯಲ್ಲಿದ್ದವು 20. ಇಲ್ಲದ ಜಾಗಕ್ಕೆ ಕೈಹಾಕಿದ್ದೇ ತಡ, ಸುಮಾರು 85 ಲಕ್ಷ ಕಂಪ್ಯೂಟರುಗಳಿಗೆ ನೀಲಿ ಪರದೆ. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ತೊಡಕಿಗೆ ಸಿಕ್ಕಿತು. ಲಿನಕ್ಸ್ ಕರ್ನಲ್ ತಾನೇ ಸಾಧನಗಳೊಳಗೆ ಓಡುವ ಫರ್ಮ್‌ವೇರ್ ಫೈಲ್ ಓದುವುದಿಲ್ಲವೇ ಎಂದು ಕೇಳಬಹುದು. ಓದುತ್ತದೆ; ಆದರೆ ಗೊತ್ತುಪಡಿಸಿದ ಜಾಗದಿಂದ ತಂದು, ಬಹುಪಾಲು ಹಾಗೆಯೇ ಸಾಧನಕ್ಕೆ ದಾಟಿಸುತ್ತದೆ. ಕಾವಲು ಒಳಗಿಲ್ಲದಿದ್ದರೆ ವೈರಸ್ಸೇ ಗೆಲ್ಲುತ್ತದೆ ಎಂಬ ಆಕ್ಷೇಪ ಇನ್ನೂ ತೂಕದ್ದು. ಕಾವಲು ಒಳಗೇ ಇರಲಿ, ಫೈಲ್ ಬಿಡಿಸುವುದು ಹೊರಗಾಗಲಿ! ಆಪಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2019ರ ಮ್ಯಾಕ್ಓಎಸ್ ಕ್ಯಾಟಲಿನಾದಿಂದ ಭದ್ರತಾ ತಂತ್ರಾಂಶಗಳಿಗೆ ಕರ್ನಲ್ಲಿನ ಹೊರಗೇ ಜಾಗ ಕೊಟ್ಟಿದೆ. ಕರ್ನಲ್ಲಿನೊಳಗೆ ಓಡುವ ಡ್ರೈವರ್ ಬರೆಯುವವರೇ, ಸೆಟ್ಟಿಂಗ್ಸ್ ಫೈಲನ್ನು ಹೊರಗಿನ ಪ್ರೋಗ್ರಾಂ ಓದಲಿ. ನೀವು ಅದು ಕಳಿಸಿದ ಮೌಲ್ಯಗಳನ್ನು ಪರೀಕ್ಷಿಸಿ ತೆಗೆದುಕೊಳ್ಳಿ.