ಟ್ರಾಲ್ ಬಲೆಯ ವಿನ್ಯಾಸ ಮತ್ತು ಮೀನಿನ ಗಾತ್ರ: ಕರ್ನಾಟಕ ಕರಾವಳಿಯ ಹಿನ್ನೆಲೆಯಲ್ಲಿ

ಮಂಗಳೂರು, ಮಲ್ಪೆ ಮೊದಲಾದ ಬಂದರುಗಳಿಂದ ಹೊರಡುವ ಟ್ರಾಲ್ ದೋಣಿಗಳು ಕರ್ನಾಟಕದ ಕಡಲ ಮೀನುಗಾರಿಕೆಯಲ್ಲಿ ಪ್ರಧಾನ ಸ್ಥಾನವನ್ನು ಪಡೆದಿವೆ. ಶಂಕುವಿನಾಕಾರದ ಟ್ರಾಲ್ ಬಲೆಯು ರಾಣಿ ಮೀನು, ಬೊಂಡಾಸ, ಸಿಗಡಿಗಳೊಡನೆ ಇನ್ನೂ ಬಲಿಯದ ಮರಿಗಳನ್ನೂ ಒಳಗೆಳೆದುಕೊಳ್ಳುತ್ತದೆ. ಇವುಗಳಲ್ಲಿ ಯಾವ ಗಾತ್ರದವು ಉಳಿಯುತ್ತವೆ, ಯಾವುವು ಪಾರಾಗುತ್ತವೆ ಎಂಬುದು ಬಹುಮಟ್ಟಿಗೆ ಬಲೆಯ ತುದಿಯ ಚೀಲದಲ್ಲಿ ನಿರ್ಣಯವಾಗುತ್ತದೆ.

ಈ ನಿರ್ಣಯವು ಬಲೆಗಣ್ಣಿನ ಅಳತೆಯೊಂದನ್ನೇ ಅವಲಂಬಿಸಿಲ್ಲವೆಂಬುದು ಗಮನಾರ್ಹ. ರೂಢಿಯಲ್ಲಿರುವ ವಜ್ರಾಕೃತಿಯ ಕಣ್ಣು ಎಳೆತಕ್ಕೆ ಸಿಕ್ಕಿದಾಗ ಉದ್ದವಾಗಿ ಬಿಗಿದು ಕಿರಿದಾಗುತ್ತದೆ; ಚೀಲದಲ್ಲಿ ಮೀನು ತುಂಬಿದಂತೆ ಹೆಚ್ಚಿನ ಕಣ್ಣುಗಳು ಮುಚ್ಚಿಕೊಳ್ಳುತ್ತವೆ. ಚೌಕಾಕೃತಿಯ ಕಣ್ಣಿನಲ್ಲಾದರೋ ಎರಡು ಎಳೆಗಳು ಎಳೆತದ ದಿಕ್ಕಿಗೆ ಸಮಾನಾಂತರವಾಗಿರುವುದರಿಂದ ಅದು ತೆರೆದೇ ಇರುತ್ತದೆ. ದುಂಡು ಮೈಯ ಮರಿಗಳು ಇದರ ಮೂಲಕ ಸುಲಭವಾಗಿ ಪಾರಾಗುತ್ತವೆ. ಚಪ್ಪಟೆ ಮೈಯ ಮೀನುಗಳಿಗೆ ಮಾತ್ರ ವಜ್ರಾಕೃತಿಯೇ ಹೆಚ್ಚು ಅನುಕೂಲ. ದಾರದ ದಪ್ಪ, ಚೀಲದ ಸುತ್ತಳತೆಯಲ್ಲಿರುವ ಕಣ್ಣುಗಳ ಸಂಖ್ಯೆ ಇವೂ ಪರಿಣಾಮ ಬೀರುತ್ತವೆ. ಒಳಗೊಂದು ಸಣ್ಣ ಕಣ್ಣಿನ ಅಸ್ತರಿ ಬಲೆಯನ್ನು ಹೊಲಿದರಂತೂ ಹೊರಬಲೆಯ ಅಳತೆ ನಾಮಮಾತ್ರವಾಗುತ್ತದೆ.

ಬಲೆಯ ಈ ಆಯ್ಕೆಶಕ್ತಿಯನ್ನು ಅಳೆಯಲು ಚೀಲದ ಹೊರಗೆ ಸೂಕ್ಷ್ಮ ಕಣ್ಣಿನ ಮತ್ತೊಂದು ಹೊದಿಕೆಯನ್ನು ಕಟ್ಟಿ, ಪಾರಾದ ಮೀನುಗಳನ್ನೂ ಸಂಗ್ರಹಿಸಲಾಗುತ್ತದೆ. ಯಾವ ಉದ್ದದ ಮೀನುಗಳಲ್ಲಿ ಅರ್ಧದಷ್ಟು ಉಳಿದು ಅರ್ಧದಷ್ಟು ಪಾರಾಗುತ್ತವೆಯೋ ಅದೇ ಬಲೆಯ ಆಯ್ಕೆಯ ಉದ್ದ. ಇದು ಮೀನು ಮೊದಲ ಬಾರಿಗೆ ಪ್ರೌಢವಾಗುವ ಉದ್ದಕ್ಕಿಂತ ಕಡಿಮೆಯಾದಲ್ಲಿ, ಒಮ್ಮೆಯೂ ಮೊಟ್ಟೆಯಿಡದ ಮೀನುಗಳು ಹೇರಳವಾಗಿ ಹಿಡಿಯಲ್ಪಡುತ್ತವೆ. ಒಂದೇ ಬಲೆಗೆ ಅನೇಕ ಜಾತಿಗಳು ಬೀಳುವ ನಮ್ಮ ಕಡಲಿನಲ್ಲಿ ಎಲ್ಲಕ್ಕೂ ಒಪ್ಪುವ ಏಕೈಕ ಅಳತೆ ದುರ್ಲಭ. ಆದಾಗ್ಯೂ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಚೌಕ ಕಣ್ಣಿನ ಚೀಲವನ್ನು ಶಿಫಾರಸು ಮಾಡಿದೆ.

ಈ ಬದಲಾವಣೆಯ ಹೊರೆ ಮೊದಲು ಬೀಳುವುದು ದೋಣಿಯವರ ಮೇಲೆ. ಮರಿಗಳೊಡನೆ ಬೆಲೆಬಾಳುವ ಸಣ್ಣ ಸಿಗಡಿಯೂ ನುಸುಳಿಹೋಗಬಹುದು. ಮೇಲಾಗಿ ಮೀನುಹಿಟ್ಟಿನ ಕಾರ್ಖಾನೆಗಳು ಮರಿಗಳನ್ನೂ ಕೊಳ್ಳುತ್ತವೆ. ಒಬ್ಬನು ಬಿಟ್ಟ ಮರಿ ಬೆಳೆದು ಮತ್ತೊಬ್ಬನ ಬಲೆಗೆ ಬೀಳುವ ಸಾಧ್ಯತೆಯಿರುವುದರಿಂದ, ಎಲ್ಲರೂ ಒಟ್ಟಾಗಿ ಪಾಲಿಸದ ಹೊರತು ಲಾಭ ಕೈಗೂಡದು.

ಕೇರಳವು 2015ರಲ್ಲಿ ಬಂಗುಡೆಗೆ 14 ಸೆಂ.ಮೀ., ಬೂತಾಯಿಗೆ 10 ಸೆಂ.ಮೀ. ಕನಿಷ್ಠ ಉದ್ದವನ್ನು ನಿಗದಿಪಡಿಸಿತು. ಆದರೆ ದಡದಲ್ಲಿ ಅಳೆಯುವ ವೇಳೆಗೆ ಮರಿ ಸತ್ತಿರುತ್ತದೆ. ಆಯ್ಕೆಯು ನೀರಿನಲ್ಲಿಯೇ ನಡೆಯಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧವು ಸಂತಾನೋತ್ಪತ್ತಿಗೆ ಬಿಡುವು ನೀಡುತ್ತದೆ. ಆ ಬಿಡುವಿನಲ್ಲಿ ಹುಟ್ಟಿದ ಮರಿಗಳು ಬೆಳೆಯುವುದೂ ಬೆಳೆಯದಿರುವುದೂ ಉಳಿದ ಹತ್ತು ತಿಂಗಳುಗಳಲ್ಲಿ ಬಳಕೆಯಾಗುವ ಚೀಲದ ಹೆಣಿಗೆಯನ್ನು ಅವಲಂಬಿಸಿದೆ.